ಕಮ್ಮಿಂಗ್‌ನ ಹಳ್ಳದ ಮೇಲೊಂದು ಚುಕ್ಕೆ

೧೯೯೪, ಅಕ್ಟೋಬರ್ ೧೫, ಶನಿವಾರ. ಆಧಾರ: ಮೇರಿಲ್ಯಾಂಡಿನ ಲ್ಯಾನ್‌ಹ್ಯಾಮ್ ದೇವಸ್ಥಾನದಿಂದ ಆ ವರ್ಷ ತಂದಿದ್ದ ಗೋಡೆ ಕ್ಯಾಲೆಂಡರ್. ಆ ದಿನದ ಚೌಕದಲ್ಲಿ ಏಕಾದಶಿ ಎಂದು ಅಚ್ಚಾಗಿದೆ; ಅದರ ಹಿಂದಿನ ಚೌಕದಲ್ಲಿ ವಿಜಯದಶಮಿ. ಕ್ಯಾಲೆಂಡರನ್ನು ನಾನು ಉಳಿಸಿಕೊಂಡದ್ದು ಭಕ್ತಿಯಿಂದಲ್ಲ. ಅದರ ಹಾಳೆಗಳ ಬೆನ್ನು ಬಿಳಿಯಾಗಿ, ಅಗಲವಾಗಿ ಇದ್ದುದರಿಂದ ನನ್ನ ನಕ್ಷೆಗಳ ಮೊದಲ ಕರಡನ್ನು ಅವುಗಳ ಮೇಲೆಯೇ ಬರೆಯುತ್ತಿದ್ದೆ. ಅಕ್ಟೋಬರ್ ಹಾಳೆಯ ಬೆನ್ನ ಮೇಲೆ ಜಾರ್ಜಿಯಾ ರಾಜ್ಯದ ಉತ್ತರ ಭಾಗವಿದೆ. ಅದರಲ್ಲಿ ಕಮ್ಮಿಂಗ್ ಎಂಬ ಊರಿರುವಲ್ಲಿ ಪೆನ್ಸಿಲಿನಿಂದ ಇಟ್ಟ ಒಂದು ಚುಕ್ಕೆ ಇದೆ. ಆ ಚುಕ್ಕೆ ಉಳಿಯಬೇಕೋ ಅಳಿಯಬೇಕೋ ಎಂಬುದನ್ನು ತೀರ್ಮಾನಿಸಲು ಈ ಬರಹ.

ಚುಕ್ಕೆಯ ಚಿಂತೆ ನನ್ನೊಬ್ಬಳದೇ ಆಗಿದ್ದರೆ ಬರೆಯುತ್ತಿರಲಿಲ್ಲ. ನನ್ನ ಗಂಡನ ತಂಗಿ, ನನ್ನ ನಾದಿನಿ, ಈಗ ಎಪ್ಪತ್ತು ದಾಟಿದವಳು, ಹೋದ ತಿಂಗಳು ಅಟ್ಲಾಂಟಾದಿಂದ ಫೋನ್ ಮಾಡಿದ್ದಳು. ಕ್ಷೇಮಸಮಾಚಾರ ಮುಗಿದ ಮೇಲೆ ದನಿ ಬದಲಾಯಿತು.

"ವೈನಿ, ಎಷ್ಟ ವರ್ಷಾತು ನಾ ಇದನ್ನ ಕೇಳಿ? ಆ ಹಳ್ಳದ ಏಡಿ ಸತ್ತದ್ದು ನನ್ನಿಂದನs ಏನು? ಹೌದಾದ್ರ ಹೌದನ್ರಿ, ಅಲ್ಲಾದ್ರ ಅಲ್ಲನ್ರಿ. ಎಲ್ಲಾದಕ್ಕೂ ತಾರೀಖು ಹುಡುಕೋ ನೀವು, ಇದಕ್ಕೊಂದಕ್ಕ ಯಾಕ ನಡಬರಕ ನಿಂತೀರಿ?"

ಅವಳೂ ನನ್ನ ಗಂಡನೂ ಧಾರವಾಡದವರು, ನಾನು ಮೈಸೂರಿನವಳು. ಅವರಿಬ್ಬರೂ ನೇರವಾಗಿ ಕೇಳುತ್ತಾರೆ. ನಾನು ನೋಡಿ ಹೇಳುತ್ತೇನೆ ಎಂದೆ. ನೋಡಿ ಹೇಳುವುದೇ ನನ್ನ ಜೀವಮಾನದ ಕೆಲಸವಾಗಿತ್ತು.

ಅವಳು ಏಡಿ ಎನ್ನುವ ಪ್ರಾಣಿ ಏಡಿಯಲ್ಲ. ಅದರ ಹೆಸರು ಕ್ರೇಫಿಶ್. ಸೀಗಡಿಯ ಉದ್ದ ಮೈಗೆ ಏಡಿಯ ಇಕ್ಕಳಗಳನ್ನು ಜೋಡಿಸಿದಂತಿರುತ್ತದೆ; ಸಿಹಿನೀರಿನ ಹಳ್ಳಗಳಲ್ಲಿ ಕಲ್ಲಿನ ಕೆಳಗೆ ವಾಸ. ನಮ್ಮ ದೇಶದ ಯಾವ ನದಿಯಲ್ಲೂ ಅದು ಹುಟ್ಟಿಬೆಳೆದ ಪ್ರಾಣಿಯಲ್ಲ, ಆದ್ದರಿಂದ ಕನ್ನಡದಲ್ಲಿ ಅದಕ್ಕೊಂದು ಹೆಸರೂ ಹುಟ್ಟಲಿಲ್ಲ. ನಾನು ಅಭ್ಯಾಸ ಮಾಡಿದ್ದು ಕ್ರೇಫಿಶ್ ಅನ್ನೂ ಅಲ್ಲ, ಅದರ ಮೈಮೇಲೆ ಬದುಕುವ ಹುಳುಗಳನ್ನು. ಅಕ್ಕಿಕಾಳಿಗಿಂತ ಸಣ್ಣವು, ಹಾಲುಬಿಳುಪಿನವು, ಹಿಂದುಗಡೆಯ ಬಟ್ಟಲಿನಂಥ ಅಂಗದಿಂದ ಚಿಪ್ಪಿಗೆ ಕಚ್ಚಿಕೊಂಡಿರುತ್ತವೆ. ಜಿಗಣೆಯ ಹತ್ತಿರದ ನೆಂಟರಾದರೂ ಸಾಮಾನ್ಯವಾಗಿ ರಕ್ತ ಹೀರುವವಲ್ಲ. ಕ್ರೇಫಿಶ್‌ನ ಚಿಪ್ಪಿಗೂ ಕಿವಿರಿಗೂ ಅಂಟಿದ ಕೊಳೆಯನ್ನು ತಿಂದು ಸ್ವಚ್ಛ ಮಾಡುತ್ತವೆ, ಪ್ರತಿಯಾಗಿ ಅಲ್ಲಿಯೇ ಮೊಟ್ಟೆಯ ಗೂಡುಗಳನ್ನು ಅಂಟಿಸುತ್ತವೆ. ಸಂಖ್ಯೆ ಮಿತಿಯಲ್ಲಿದ್ದಾಗ ಇಬ್ಬರಿಗೂ ಲಾಭ. ಮಿತಿಮೀರಿದಾಗ ಕೊಳೆ ಮುಗಿಯುತ್ತದೆ. ಆಗ ಕೆಲವು ಜಾತಿಗಳು ಕಿವಿರನ್ನೇ ತಿನ್ನತೊಡಗುತ್ತವೆ. ಸೇವೆ ಎಲ್ಲಿ ನಿಂತು ಭಕ್ಷಣೆ ಎಲ್ಲಿ ಶುರುವಾಯಿತು ಎಂಬುದು ಹೊರಗಿನಿಂದ ನೋಡಿದವರಿಗೆ ತಿಳಿಯುವುದಿಲ್ಲ.

ಈ ಹುಳುಗಳಿಗೆ ತಮ್ಮದೇ ಊರುಗಳಿವೆ. ಒಣನೆಲದ ಮೇಲೆ ನಡೆಯಲಾರವು. ಆಶ್ರಯ ಕೊಟ್ಟ ಪ್ರಾಣಿ ಹೋದಲ್ಲಿಗೆ ಮಾತ್ರ ಹೋಗುತ್ತವೆ. ಹಾಗಾಗಿ ಒಂದು ಬೆಟ್ಟಸಾಲಿನ ಈಚೆಗೆ ಇರುವ ಜಾತಿ ಆಚೆಗೆ ಇಲ್ಲದಿರಬಹುದು. ಕೆರೊಲಿನಾದ ಬೆಟ್ಟಗಳಲ್ಲಿ ಪೂರ್ವದ ಬದಿಗೆ ಬಿದ್ದ ಮಳೆಹನಿ ಅಟ್ಲಾಂಟಿಕ್ ಸಾಗರಕ್ಕೆ ಹೋಗುತ್ತದೆ. ಕಮ್ಮಿಂಗ್‌ನ ಹಳ್ಳಕ್ಕೆ ಬಿದ್ದ ಹನಿ ಚಟ್ಟಹೂಚಿ ನದಿಯನ್ನು ಸೇರಿ ದಕ್ಷಿಣದ ಮೆಕ್ಸಿಕೋ ಕೊಲ್ಲಿಗೆ ಹೋಗುತ್ತದೆ. ಯಾವ ಹುಳು ಯಾವ ಸಾಗರದ ನೀರಿನದು ಎಂದು ಚುಕ್ಕೆಯಿಟ್ಟು ಗುರುತಿಸುವುದೇ ನಾನು ವಾಷಿಂಗ್ಟನ್‌ನ ಒಂದು ಸಂಗ್ರಹಾಲಯದಲ್ಲಿ ನಿವೃತ್ತಿಯವರೆಗೆ ಮಾಡಿದ ಉದ್ಯೋಗ.

ಆ ವರ್ಷದ ಶರತ್ಕಾಲದಲ್ಲಿ ನಾನೂ ನನ್ನ ಗಂಡನೂ ಗೈದರ್ಸ್‌ಬರ್ಗ್‌ನ ನಮ್ಮ ಮನೆಯಿಂದ ಕಾರಿನಲ್ಲಿ ದಕ್ಷಿಣಕ್ಕೆ ಹೊರಟೆವು. ಅವರು ಎಂಜಿನಿಯರ್, ರಜೆ ಹಾಕಿ ನನ್ನ ಜೊತೆ ಬರುವುದನ್ನು ತೀರ್ಥಯಾತ್ರೆ ಎಂದು ಕರೆಯುತ್ತಿದ್ದರು, ಏಕೆಂದರೆ ನಾನು ಪ್ರತಿ ಸೇತುವೆಯ ಬಳಿ ಕಾರು ನಿಲ್ಲಿಸಿ ನೀರಿಗೆ ಇಳಿಯುತ್ತಿದ್ದೆ. ದಕ್ಷಿಣ ಕೆರೊಲಿನಾದ ವಾಯವ್ಯ ಮೂಲೆಯ ಒಂದು ಬೆಟ್ಟದ ಹಳ್ಳದಲ್ಲಿ, ದಪ್ಪ ಇಕ್ಕಳದ ಕಂದು ಕ್ರೇಫಿಶ್‌ಗಳ ಮೈಮೇಲೆ, ನಾನು ಹುಡುಕುತ್ತಿದ್ದ ಹುಳು ಸಿಕ್ಕಿತು. ಅದರ ಮೇಲ್ದವಡೆಯ ನಡುವೆ ಒಂದೇ ಒಂದು ಎತ್ತರದ ಹಲ್ಲು. ಸೂಕ್ಷ್ಮದರ್ಶಕದಲ್ಲಿ ಕಂದು ಬಣ್ಣದ ಮುಳ್ಳಿನಂತೆ ಕಾಣುತ್ತದೆ. ಬೇರೆ ಜಾತಿಯೊಂದಿಗೆ ಗೊಂದಲಕ್ಕೆ ಎಡೆಯಿಲ್ಲ. ಅಲ್ಲಿಯವರೆಗೆ ಅಟ್ಲಾಂಟಿಕ್ ಬದಿಯ ನೀರಿನಲ್ಲಿ ಮಾತ್ರ ನಾನು ಅದನ್ನು ಕಂಡಿದ್ದೆ.

ಕೆಲವು ಕ್ರೇಫಿಶ್‌ಗಳನ್ನು ಜೀವಂತವಾಗಿ ಕೂಲರ್‌ನಲ್ಲಿ ಒದ್ದೆ ಪಾಚಿಯೊಂದಿಗೆ ಇಟ್ಟುಕೊಂಡೆ. ಹುಳುಗಳ ಮೊಟ್ಟೆಗೂಡನ್ನು ಜೀವಂತ ಚಿಪ್ಪಿನ ಮೇಲೆ ನೋಡಬೇಕಿತ್ತು. ಕಮ್ಮಿಂಗ್ ತಲುಪಿ, ಮರುದಿನ ಬೆಳಿಗ್ಗೆ ಅವನ್ನು ಆಲ್ಕೋಹಾಲ್‌ಗೆ ಹಾಕುವುದೆಂದು ಲೆಕ್ಕ.

ಅಟ್ಲಾಂಟಾದ ಹೊರವಲಯದ ಕಮ್ಮಿಂಗ್‌ನಲ್ಲಿದ್ದ ನಾದಿನಿಯ ಮನೆ ಹೊಸದು. ಗೃಹಪ್ರವೇಶವಾಗಿ ಎರಡು ತಿಂಗಳೂ ಆಗಿರಲಿಲ್ಲ. ಅದು ಆಗಸ್ಟ್‌ನ ಕೊನೆಯ ವಾರ, ನಾವು ಬಂದಿದ್ದೆವು. ಆಗ ನಾನು ರೇಷ್ಮೆಸೀರೆಯನ್ನು ಮೇಲೆತ್ತಿ ಮನೆಯ ಹಿಂದಿನ ಹಳ್ಳಕ್ಕೆ ಇಳಿದು, ಅಲ್ಲಿನ ಒಂದು ಕ್ರೇಫಿಶ್ ಹಿಡಿದು ಮಸೂರದಲ್ಲಿ ನೋಡಿ ನೀರಿಗೇ ಬಿಟ್ಟಿದ್ದೆ. ಸಣ್ಣದು, ತೆಳ್ಳಗಿನದು, ಇಕ್ಕಳದ ಕೀಲುಗಳಲ್ಲಿ ನೀಲಿಯ ಛಾಯೆ. ಮಸೂರಕ್ಕೆ ಹುಳುವಿನ ದವಡೆ ಕಾಣುವುದಿಲ್ಲ. ನನ್ನ ನೆನಪಿನಂತೆ ಆ ಹಳ್ಳವನ್ನು ನಾನು ಮೊದಲ ಬಾರಿ ಕಂಡದ್ದು ಆಗಲೇ.

ಅಕ್ಟೋಬರ್‌ಗೆ ಆ ಹಳ್ಳದ ಮೇಲುಭಾಗದ ಕಾಡು ಇರಲಿಲ್ಲ. ಪೈನ್ ಮರಗಳನ್ನು ಬೇರುಸಹಿತ ಕಿತ್ತು ರಾಶಿ ಹಾಕಿದ್ದರು. ಕೆಮ್ಮಣ್ಣಿನ ಬಯಲಿನಲ್ಲಿ ಮುಂದೆ ಬರಲಿರುವ ಮನೆಗಳ ಗಡಿಗೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದ ಗೂಟಗಳು. ಗಾಳಿಗೆ ಆ ಪಟ್ಟಿಗಳು ಪಟಪಟ ಹೊಡೆದುಕೊಳ್ಳುವುದನ್ನು ಬಿಟ್ಟರೆ ಬೇರೆ ಸದ್ದೇ ಇಲ್ಲ. ಹಕ್ಕಿಗಳು ಎಲ್ಲಿ ಹೋದವು ಎಂದು ಕೇಳಿದೆ. ನಾದಿನಿ, "ಹಾಂ? ನಾ ಗಮನಿಸೇ ಇಲ್ಲ ನೋಡ್ರಿ" ಎಂದಳು. ಆಮೇಲೆ ಅವಳೂ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಳು.

ಸಂಜೆ ಗರಾಜ್‌ನಲ್ಲಿಟ್ಟಿದ್ದ ಕೂಲರ್‌ನ ಮುಚ್ಚಳ ತೆಗೆದದ್ದು ಅವಳೇ. ಒಳಗಿದ್ದುದರಲ್ಲಿ ಒಂದು ಪ್ರಯಾಣದಲ್ಲಿ ಸತ್ತಿತ್ತು. ಸತ್ತದ್ದರ ಮೈಯಿಂದ ಹುಳುಗಳು ಹೊರಟು ಇಕ್ಕಳದ ತುದಿಗೆ ಬಂದು ಸೇರಿದ್ದವು. ಹಿಂದುಗಡೆ ಕಚ್ಚಿಕೊಂಡು, ಮುಂದಿನ ಮೈಯನ್ನು ಗಾಳಿಯಲ್ಲಿ ಚಾಚಿ, ಅತ್ತಿತ್ತ ತಡಕುತ್ತಿದ್ದವು. ಪಕ್ಕದಲ್ಲಿದ್ದ ಜೀವಂತ ಕ್ರೇಫಿಶ್ ಕದಲಿ ತಾಗಿದಾಗ ಒಂದು ಹುಳು ಅದರ ಮೈಗೆ ದಾಟಿತು, ಬೆನ್ನಿಗೇ ಇನ್ನೊಂದು.

"ಅಯ್ಯ ಶಿವನs! ವೈನಿ, ಇವು ಇನ್ನೂ ಜೀವಂತ ಅದಾವ್ರೀ!"

"ಹೌದು. ನಾಳೆ ಬೆಳಿಗ್ಗೆ ಆಲ್ಕೋಹಾಲ್‌ಗೆ ಹಾಕ್ತೀನಿ."

"ಏಕಾದಶಿ ದಿನಾ ನಮ್ಮ ಮನ್ಯಾಗ ತಂದಿಟ್ಟು, ದ್ವಾದಶಿ ಮುಂಜಾನೆ ಕೊಲ್ಲತೀರಿ? ಮೈಸೂರಿನವ್ರ ಮಾತು ಬೆಣ್ಣಿ ಹಂಗ, ಕೆಲಸ ನೋಡಿದ್ರ ಕಟುಕರದು!"

ನನ್ನ ಗಂಡ ಒಳಗಿನಿಂದಲೇ ಕೂಗಿದರು. "ನಿಮ್ಮ ವೈನಿಗೆ ಏನೂ ಅನ್ನಬ್ಯಾಡ. ಒಂದಿನಾ ನನ್ನೂ ಜಾಡಿಯೊಳಗ ಹಾಕಿ ಚೀಟಿ ಹಚ್ಚತಾಳ."

"ನಿಮಗಾಗೋ ಅಷ್ಟು ದೊಡ್ಡ ಜಾಡಿ ನಮ್ಮ ಸಂಗ್ರಹಾಲಯದಲ್ಲಿಲ್ಲ" ಎಂದೆ. ಮೂವರೂ ನಕ್ಕೆವು. ನಾನು ಸ್ನಾನಕ್ಕೆ ಹೋದೆ. ಪ್ರಯಾಣದ ದಣಿವಿನಿಂದ ಬೇಗ ಮಲಗಿಬಿಟ್ಟೆ.

ಮರುದಿನ ದ್ವಾದಶಿಯ ಪಾರಣೆ. ಉಪವಾಸ ಮುರಿಯಲು ಎಲೆಯ ಮುಂದೆ ಕೂತ ನಾದಿನಿಯ ಮುಖದಲ್ಲಿ ಒಂದು ತೃಪ್ತಿಯಿತ್ತು. ಹೆಸರುಬೇಳೆ ಪಾಯಸ ಬಡಿಸುತ್ತ, ಬಹಳ ಸಲೀಸಾಗಿ ಹೇಳಿದಳು: "ನಿನ್ನೆ ಹೊತ್ತು ಮುಳಗೋಕಿಂತ ಮುಂಚೆ ಅವನ್ನ ಹಳ್ಳಕ್ಕ ಬಿಟ್ಟಬಂದೆ ವೈನಿ. ಸತ್ತದ್ದೂ ಸುದ್ದಾ. ಹೆಂಗ ಓಡಿದ್ವು ಅಂತೀರಿ! ಕಲ್ಲಿನ ಕೆಳಗ ಹೊಕ್ಕು ಮಾಯಾದ್ವು. ಸಿಟ್ಟಾಗಬ್ಯಾಡ್ರಿ. ನಿಮಗ ಬೇಕಂದ್ರ ಮತ್ತ ಸಿಗತಾವ."

ಜೀವ ಉಳಿಸಿದವಳ ಮೇಲೆ ಸಿಟ್ಟಾಗುವುದು ಹೇಗೆಂದು ನನಗೆ ತಿಳಿಯಲಿಲ್ಲ. ಪಾಯಸ ತಿಂದೆ. ನಮ್ಮ ಮನೆಗಳಲ್ಲಿ ಬೆಳೆದ ಯಾರಾದರೂ ಮಾಡಬಹುದಾಗಿದ್ದ ಕೆಲಸ ಅದು. ಆದರೆ ನಾನು ಹಳ್ಳಕ್ಕೆ ಹೋಗಿ ನಿಂತಾಗ ನೀರು ಅಲುಗದೆ ಇತ್ತು. ಯಾವ ಕಲ್ಲಿನ ಕೆಳಗೆ ಯಾವುದು ಯಾವುದನ್ನು ತಾಗುತ್ತಿದೆ ಎಂದು ಮೇಲಿನಿಂದ ಕಾಣುವಂತಿರಲಿಲ್ಲ. ಬೆಟ್ಟಸಾಲು ಎಷ್ಟೋ ಕಾಲದಿಂದ ಬೇರೆಯಾಗಿಟ್ಟಿದ್ದ ಎರಡು ನೀರುಗಳ ನಡುವೆ, ಮನೆಯ ಹಿಂಬಾಗಿಲಿನಿಂದ ಹಳ್ಳದವರೆಗೆ, ಒಬ್ಬ ಹೆಂಗಸು ಕೂಲರ್ ಹೊತ್ತು ನಡೆದುಹೋಗಿದ್ದಳು.

ಮುಂದಿನ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಓಪಲ್ ಚಂಡಮಾರುತ ಜಾರ್ಜಿಯಾದ ಮೇಲೆ ಹಾದುಹೋಯಿತು. ಇದರ ತಾರೀಖನ್ನು ಯಾವ ಹವಾಮಾನ ದಾಖಲೆಯಲ್ಲಾದರೂ ನೋಡಬಹುದು. ಅದಾದ ಮೇಲೆ ನಾದಿನಿಯ ಫೋನ್ ಬಂತು. "ಮರ ಬಿದ್ದಾವ, ಕರೆಂಟ್ ಇಲ್ಲ, ಅದೆಲ್ಲಾ ಇರಲಿ. ಹಳ್ಳ ಕೆಂಪಗಾಗೇದ ವೈನಿ. ರಕ್ತಾನs ಹರದಂಗ. ಮತ್ತ ಆ ಸಣ್ಣ ಏಡಿ, ನೀಲಿ ಮೊಣಕೈದು, ಭಾಳ ದಿನಾತು ಒಂದೂ ಕಂಡಿಲ್ಲ. ದಂಡಿ ಮ್ಯಾಲೆ ಕೂಡತಾವಲ್ಲ, ದೊಡ್ಡವು, ನಾ ಬಿಟ್ಟದ್ದು, ಅವs ಕಾಣತಾವ."

"ಸಣ್ಣವು ಯಾವಾಗಿನಿಂದ ಕಾಣ್ತಿಲ್ಲ? ಚಂಡಮಾರುತಕ್ಕೆ ಮುಂಚೆಯೋ, ಆಮೇಲೋ?"

"ಮುಂಚೆ" ಎಂದಳು. ಮತ್ತೆ, "ಮುಂಚೇನs ಅನಸ್ತದ."

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಹೋದೆವು. ಇಡೀ ಮಧ್ಯಾಹ್ನ ಕಲ್ಲುಗಳನ್ನು ಎತ್ತಿ ನೋಡಿದೆ. ಕಲ್ಲಿನ ಕೆಳಗಿನ ಪೊಳ್ಳುಗಳೆಲ್ಲ ಕೆಮ್ಮಣ್ಣಿನ ಹೂಳಿನಿಂದ ತುಂಬಿದ್ದವು. ಕೈಯಿಟ್ಟರೆ ಬೆಣ್ಣೆಯಂತೆ ನುಣುಪು, ಕೈಗೆ ಬಂದದ್ದು ತಣ್ಣಗಿನ ಕೆಸರು. ದಪ್ಪ ಇಕ್ಕಳದವು ಸುಲಭವಾಗಿ ಸಿಕ್ಕವು. ನೀಲಿ ಕೀಲಿನವು ಎರಡೇ ಸಿಕ್ಕವು, ಎರಡೂ ಸೋತಂತಿದ್ದವು, ಹಿಡಿದಾಗ ಇಕ್ಕಳ ಎತ್ತಲಿಲ್ಲ. ಅವುಗಳ ಎದೆಯ ಚಿಪ್ಪಿನ ಅಂಚಿನಲ್ಲಿ, ಕಿವಿರಿನ ಬಾಯಿಯ ಹತ್ತಿರ, ಬಿಳಿಯ ಹುಳುಗಳು ಒತ್ತಾಗಿ ಜೋಲುತ್ತಿದ್ದವು. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ನಾದಿನಿ ಪರದೆ ಎಳೆದಳು.

ಜಾಡಿಗಳನ್ನು ವಾಷಿಂಗ್ಟನ್‌ಗೆ ತಂದೆ. ಅವುಗಳ ಸರದಿ ಬರುವಷ್ಟರಲ್ಲಿ, ಡಿಸೆಂಬರ್ ನಡುವೆ, ಬಜೆಟ್ ಜಗಳದಲ್ಲಿ ಸರ್ಕಾರಿ ಕಚೇರಿಗಳು ಮುಚ್ಚಿದವು. ನಮ್ಮ ಕಟ್ಟಡಕ್ಕೂ ಬೀಗ ಬಿತ್ತು. ಜನವರಿ ಮೊದಲ ವಾರದ ಕೊನೆಗೆ ಬೀಗ ತೆಗೆಯಬೇಕೆನ್ನುವಾಗ ಹಿಮಬಿರುಗಾಳಿ ಬಂದು ಗೈದರ್ಸ್‌ಬರ್ಗ್‌ನ ನಮ್ಮ ಬೀದಿ ಹೂತುಹೋಯಿತು. ಆ ದಿನಗಳಲ್ಲಿ ನಾದಿನಿ ಮತ್ತೆ ಮತ್ತೆ ಕೇಳುತ್ತಿದ್ದಳು: "ನೋಡಿದ್ರೇನು? ಇನ್ನೂ ನೋಡಿಲ್ಲೇನು?" ಕತ್ತಲೆಯ ಕಪಾಟಿನಲ್ಲಿ ಆ ಜಾಡಿ ಇರುವುದನ್ನು ನನಗೂ ಮರೆಯಲಾಗಲಿಲ್ಲ.

ಕೊನೆಗೆ ಹುಳುವನ್ನು ಗಾಜಿನ ಸ್ಲೈಡಿಗೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನೀಲಿ ಕೀಲಿನ ಕ್ರೇಫಿಶ್‌ನ ಮೈಮೇಲಿನ ಹುಳುವಿನ ಮೇಲ್ದವಡೆಯಲ್ಲಿ ನಡುವೆ ಒಂದೇ ಎತ್ತರದ ಹಲ್ಲು. ಕೆರೊಲಿನಾದ ಹುಳು. ಕಾದಾಟವೋ ತಾಗಾಟವೋ ನಡೆದಾಗ ಅದು ಮನೆ ಬದಲಿಸಿತ್ತು.

ಹಾಗಿದ್ದೂ ಹೂಳಿನ ಪಾಲೆಷ್ಟು, ದಪ್ಪ ಇಕ್ಕಳಗಳ ಪಾಲೆಷ್ಟು, ಹುಳುವಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ ಎಂದು ನಾದಿನಿಗೆ ಹೇಳಿದೆ. ಅವಳಿಗೆ ಅದು ತಪ್ಪಿಸಿಕೊಳ್ಳುವ ಉತ್ತರವಾಗಿ ಕೇಳಿಸಿತು. ಒಲಿಂಪಿಕ್ಸ್ ನಡೆದ ಬೇಸಿಗೆಯಲ್ಲಿ, ಅಟ್ಲಾಂಟಾ ಪೂರ್ತಿ ಹಬ್ಬದಲ್ಲಿದ್ದಾಗ, ನಾವು ಹೋದೆವು. ಹಳ್ಳದಲ್ಲಿ ಸಣ್ಣವೂ ಇಲ್ಲ, ದೊಡ್ಡವೂ ಇಲ್ಲ. ಅದಾದ ಒಂದೆರಡು ವರ್ಷಕ್ಕೆ ಹಳ್ಳವನ್ನೇ ಸಿಮೆಂಟಿನ ಕೊಳವೆಯೊಳಗೆ ಹಾಕಿ ಮೇಲೆ ಹುಲ್ಲು ಬೆಳೆಸಿದರು. ಮತ್ತೆ ಹೋಗಿ ಪರೀಕ್ಷಿಸಲು ಈಗ ಅಲ್ಲಿ ನೀರಿಲ್ಲ. ನಾದಿನಿ ಅಂದಿನಿಂದ ಏಕಾದಶಿಯ ಉಪವಾಸವನ್ನು ಬಿಡಲಿಲ್ಲ, ಆದರೆ ಪಾರಣೆಯ ದಿನ ಪಾಯಸ ಮಾಡುವುದನ್ನು ಬಿಟ್ಟಳು.

ಅವಳ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಒಂದೇ ದಾರಿ: ೧೯೯೪ರ ಅಕ್ಟೋಬರ್ ೧೫ಕ್ಕಿಂತ ಮುಂಚೆ ಆ ಹಳ್ಳದಲ್ಲಿ ಹಿಡಿದ ಒಂದು ಕ್ರೇಫಿಶ್. ಅದರ ಮೇಲೆ ಈ ಹುಳು ಇಲ್ಲದಿದ್ದರೆ ಸಂಶಯ ಉಳಿಯುತ್ತದೆ. ಇದ್ದರೆ, ಹುಳು ಅಲ್ಲಿಗೆ ಹೋದದ್ದು ಕೂಲರ್‌ನಲ್ಲಿ ಅಲ್ಲ. ಅದು ಅಸಾಧ್ಯವೇನೂ ಅಲ್ಲ. ಎಂದೋ ಒಂದು ಕಾಲದಲ್ಲಿ ಅಟ್ಲಾಂಟಿಕ್ ಕಡೆಯ ಸವಾನಾ ನದಿ ಬೆಟ್ಟವನ್ನು ಹಿಂದಕ್ಕೆ ಕೊರೆಯುತ್ತ ಬಂದು ಚಟ್ಟಹೂಚಿಯ ತಲೆಯ ಕಡೆಯ ಹಳ್ಳಗಳನ್ನು ತನ್ನತ್ತ ತಿರುಗಿಸಿಕೊಂಡಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಹಾಗೆ ಒಡೆದ ಮನೆಯ ಎರಡೂ ಕಡೆ ಒಂದೇ ವಂಶ ಉಳಿದಿರಬಹುದು. ಆದರೆ ಅಂಥ ಜಾಡಿ ಇಲ್ಲವೆಂದು ನನಗೆ ಖಚಿತವಿತ್ತು, ಏಕೆಂದರೆ ಗೃಹಪ್ರವೇಶಕ್ಕೆ ಮುಂಚೆ ನಾನು ಆ ಹಳ್ಳವನ್ನು ಕಂಡೇ ಇರಲಿಲ್ಲ. ಇಲ್ಲದ್ದನ್ನು ಹುಡುಕುವುದೇಕೆ ಎಂದು ಇಷ್ಟು ವರ್ಷ ಹುಡುಕಲಿಲ್ಲ.

ಕಳೆದ ವಾರ ಅನುಮತಿ ಪಡೆದು ಸಂಗ್ರಹಾಲಯದ ಉಗ್ರಾಣಕ್ಕೆ ಹೋದೆ. ಕಮ್ಮಿಂಗ್ ಇರುವ ಜಿಲ್ಲೆಯ ಕಪಾಟಿನ ಹಿಂದಿನ ಸಾಲಿನಲ್ಲಿ ಒಂದು ಸಣ್ಣ ಜಾಡಿ ಇತ್ತು. ಒಳಗೆ ಬಣ್ಣ ಕಳೆದುಕೊಂಡ ಒಂದು ತೆಳ್ಳನೆಯ ಕ್ರೇಫಿಶ್. ತಳದಲ್ಲಿ ಮೈಯಿಂದ ಕಳಚಿ ಬಿದ್ದ ಹುಳುಗಳು. ಒಂದನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟೆ. ಒಂದೇ ಎತ್ತರದ ಹಲ್ಲು. ಚೀಟಿ ಜಾಡಿಯ ಒಳಗಿತ್ತು. ನಮ್ಮ ಕಸುಬಿನಲ್ಲಿ ಚೀಟಿಯನ್ನು ಹೊರಗೆ ಅಂಟಿಸಿ ನಂಬುವುದಿಲ್ಲ. ಪೆನ್ಸಿಲಿನಲ್ಲಿ ಬರೆದು, ಹಳ್ಳದ ದಂಡೆಯಲ್ಲೇ ಒಳಗೆ ಹಾಕಿ ಮುಚ್ಚಳ ತಿರುಗಿಸುತ್ತೇವೆ. ದಿನ ಮುಂದೋ ತಿಂಗಳು ಮುಂದೋ ಎಂಬ ಗೊಂದಲ ಬರದಂತೆ ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆಯುತ್ತೇವೆ. ಚೀಟಿಯಲ್ಲಿದ್ದುದು: ಜಾರ್ಜಿಯಾ, ಕಮ್ಮಿಂಗ್, ನಾದಿನಿಯ ಸೈಟಿನ ಹಿಂದಿನ ಹಳ್ಳ, 10-IV-1994. ಅಕ್ಷರ ನನ್ನದು.

ಏಪ್ರಿಲ್ ಹತ್ತು. ಕೂಲರ್‌ಗಿಂತ ಆರು ತಿಂಗಳು ಮುಂಚೆ.

ಮನೆಗೆ ಬಂದು ಗಂಡನನ್ನು ಕೇಳಿದೆ. "ನೀ ಬರದೀದಿ ಅಂದ್ರ ಹೋಗಿರಬೇಕು. ನನಗ್ಯಾಕ ಕೇಳತಿ, ನಾ ಗಾಡಿ ಹೊಡದಾವ ಅಷ್ಟ" ಎಂದರು. ಆಮೇಲೆ ಪತ್ರಿಕೆ ಮಡಿಸಿಟ್ಟು, "ಆದ್ರ ಅದು ಯುಗಾದಿ ಹಿಂದಿನ ಭಾನುವಾರ ಅಲ್ಲೇನು? ಲ್ಯಾನ್‌ಹ್ಯಾಮ್‌ನಾಗ ಪಾರ್ಕಿಂಗ್ ಸಿಗದs ಹುಲ್ಲಿನ ಮ್ಯಾಲೆ ಗಾಡಿ ನಿಲ್ಲಿಸಿ, ನಿನ್ನ ಸೀರಿ ಕೆಸರಾಗಿ, ನೀ ನನಗ ಮಂಗಳಾರತಿ ಮಾಡಿದ್ದಿ" ಎಂದರು. ಆ ಕೆಸರು ನನಗೂ ನೆನಪಿದೆ. ಅಲ್ಲಿಂದ ಕಮ್ಮಿಂಗ್‌ಗೆ ಕಾರಿನಲ್ಲಿ ಇಡೀ ದಿನದ ದಾರಿ.

ನಾದಿನಿಗೆ ಫೋನ್ ಮಾಡಿ ಚೀಟಿಯನ್ನು ಓದಿ ಹೇಳಿದೆ. ಹುಳು ಮೊದಲೇ ಅಲ್ಲಿತ್ತು, ಹುಳುವಿನ ಮಟ್ಟಿಗೆ ಅದು ನಿನ್ನಿಂದಲ್ಲ ಎಂದೆ. ಅವಳು ತಾರೀಖನ್ನು ಇನ್ನೊಮ್ಮೆ ಓದಿಸಿದಳು.

"ಏಪ್ರಿಲ್ ಹತ್ತಕ್ಕ ಆ ಸೈಟ್ ನಮ್ಮದಾಗಿರಲೇ ಇಲ್ಲ ವೈನಿ. ನಾವು ಅದನ್ನ ಮೊದಲ ಸಲ ನೋಡಿದ್ದs ತಿಂಗಳ ಕೊನೀಗೆ."

"ಚೀಟಿ ನನ್ನ ಕೈಯಲ್ಲೇ ಬರೆದದ್ದು. ಸೈಟ್ ಅಂತಲೇ ಬರೆದಿದ್ದೀನಿ."

"ನನ್ನ ಸಮಾಧಾನಕ್ಕಂತ ನೀವು ಸುಳ್ಳು ಹೇಳೋರಲ್ಲ, ಅದು ನನಗ ಗೊತ್ತದ. ಆದ್ರ ನಾ ಹೆಂಗ ಇದನ್ನ ತಗೊಳ್ಳಿ? ನಾವಿನ್ನೂ ಕಾಣದ ಹಳ್ಳಕ್ಕ ನೀವು ಹೆಂಗ ಹೋಗಿ ಬಂದ್ರಿ?"

ಫೋನ್ ಇಡುವ ಮುಂಚೆ ಇನ್ನೊಂದು ಮಾತು ಕೇಳಿದಳು: "ಹುಳಾ ಮೊದಲs ಇತ್ತು ಅನ್ರಿ. ಹಂಗಾದ್ರ ಆ ಏಡಿ ಯಾಕ ಸತ್ವು?"

ನಿಯಮದಂತೆ ಚೀಟಿಗೆ ನೆನಪಿಗಿಂತ ಹೆಚ್ಚಿನ ಬೆಲೆ. ಆದ್ದರಿಂದ ಕಮ್ಮಿಂಗ್‌ನ ಚುಕ್ಕೆಯನ್ನು ಅಳಿಸಿಲ್ಲ. ಪೆನ್ಸಿಲಿನಲ್ಲೇ ಬಿಟ್ಟಿದ್ದೇನೆ, ಶಾಯಿ ಹಾಕಿಲ್ಲ. ಇದನ್ನು ಬರೆದು ಮುಗಿಸುವ ಮುಂಚೆ ಕ್ಯಾಲೆಂಡರಿನ ಏಪ್ರಿಲ್ ಹಾಳೆಯನ್ನೂ ತಿರುವಿ ನೋಡಿದೆ. ಹನ್ನೊಂದು, ಸೋಮವಾರ: ಯುಗಾದಿ. ಅದರ ಹಿಂದಿನ ಚೌಕ, ಹತ್ತು, ಭಾನುವಾರ: ಅದೇ ಪೆನ್ಸಿಲಿನಲ್ಲಿ, ಅದೇ ನನ್ನ ಅಕ್ಷರದಲ್ಲಿ, "ಲ್ಯಾನ್‌ಹ್ಯಾಮ್. ಒಣ ಬೇವಿನ ಹೂ ಒಯ್ಯುವುದು. ಊಟದವರೆಗೂ ಇದ್ದೆವು."